‘ಬಂದೆ’ ಎಂಬ ಭೂತಕಾಲ

ಇಂದು ೨೦೨೫ರ ಜೂನ್ ಇಪ್ಪತ್ತೊಂದು, ಶನಿವಾರ. ಆಧಾರ: ನಿಗಡಿಯ ನಮ್ಮ ಮನೆಯ ಅಡುಗೆಕೋಣೆಯಲ್ಲಿ ತೂಗುವ ಮರಾಠಿ ಕ್ಯಾಲೆಂಡರು. ಈ ಕ್ಯಾಲೆಂಡರು ಇಂದು ಬೆಳಗಿನವರೆಗೂ ಮೇ ತಿಂಗಳನ್ನೇ ತೋರಿಸುತ್ತಿತ್ತು. ಮೇ ಪುಟದ ಅಂಚಿನಲ್ಲಿ ನನ್ನ ಹೆಂಡತಿ ಕಮಲಾ ಬೆಲ್ಲ ಹಾಕಿ ಕುದಿಸುವ ಮಾವಿನಕಾಯಿ ಗುಳಂಬದ ಅಳತೆಯನ್ನು ಬರೆದುಕೊಂಡಿದ್ದಾಳೆ. ಗುಳಂಬದ ಕೆಲಸ ಮುಗಿಯುವವರೆಗೆ ನಮ್ಮ ಮನೆಯಲ್ಲಿ ಜೂನ್ ಬರುವಂತಿಲ್ಲ. ಆದ್ದರಿಂದ ದಿನಪತ್ರಿಕೆಯ ತಲೆಪಟ್ಟಿಯನ್ನೂ ಫೋನಿನ ಗಡಿಯಾರವನ್ನೂ ನೋಡಿದೆ. ಮೂರು ಆಧಾರಗಳಲ್ಲಿ ಎರಡು ಪರಸ್ಪರ ಒಪ್ಪಿದ ಮೇಲೆ, ಪುಟವನ್ನು ನಾನೇ ತಿರುವಿ, ಬೈಗುಳವನ್ನು ಕೇಳಿಸಿಕೊಂಡು, ಬರೆಯಲು ಕುಳಿತಿದ್ದೇನೆ.

ತಾರೀಖನ್ನು ಪರಿಶೀಲಿಸದೆ ಬಿಡಲಾರದ ಈ ಚಟ ನನಗೆ ಮೂವತ್ತು ವರ್ಷಗಳ ಸಂಶೋಧನಾ ಸಂಸ್ಥೆಯ ನೌಕರಿ ಅಂಟಿಸಿದ್ದು. ನಿವೃತ್ತಿಯಾದ ಮೇಲೆ ಅದು ವಾಸಿಯಾಗಬಹುದೆಂದು ಮನೆಯವರು ನಿರೀಕ್ಷಿಸಿದ್ದರು. ವಾಸಿಯಾಗುವ ಬದಲು ಅದಕ್ಕೆ ಪುರುಸೊತ್ತು ಸಿಕ್ಕಿತು. ಷಡ್ಡಕರ ಅರವತ್ತರ ಶಾಂತಿಯ ದಿನ, ಹೋಮದ ಹೊಗೆಯ ನಡುವೆ, ಅವರ ಶಾಲಾ ದಾಖಲೆಯ ಪ್ರಕಾರ ಅವರಿಗೆ ಇನ್ನೂ ಐವತ್ತೊಂಬತ್ತು ಎಂಬುದನ್ನು ಸಭೆಗೆ ತಿಳಿಸಿದವನು ನಾನು. ಪುರೋಹಿತರು ಒಂದು ಕ್ಷಣ ಸಮಿತ್ತನ್ನು ಕೈಯಲ್ಲೇ ಹಿಡಿದು ನಿಂತರು. ಆಮೇಲಿನ ಆಮಂತ್ರಣ ಪತ್ರಿಕೆಗಳು ನಮ್ಮ ಮನೆಗೆ ಕಾರ್ಯ ಮುಗಿದ ಮೇಲೆ ತಲುಪತೊಡಗಿದವು. ಅಂಚೆಯ ಮುದ್ರೆಯನ್ನು ಭೂತಗನ್ನಡಿಯಲ್ಲಿ ನೋಡಿ, ಅವುಗಳನ್ನು ಬೇಕೆಂದೇ ತಡವಾಗಿ ಹಾಕಿದ್ದಾರೆಂದು ಸಾಬೀತುಪಡಿಸಿದ್ದೇನೆ. ಅದರಿಂದ ಯಾರಿಗೂ ಸಂತೋಷವಾಗಲಿಲ್ಲ, ನನಗೂ ಆಗಲಿಲ್ಲ.

ಇನ್ನೊಂದು ದೋಷವನ್ನೂ ಇಲ್ಲಿಯೇ ಒಪ್ಪಿಕೊಂಡುಬಿಡುವುದು ಲೇಸು, ಏಕೆಂದರೆ ಮುಂದಿನ ಅನರ್ಥವೆಲ್ಲ ಹುಟ್ಟಿದ್ದು ಅದರಿಂದಲೇ. ಯಾರಾದರೂ ಕರೆದರೆ ನಾನು ಕೂಡಲೇ ‘ಬಂದೆ’ ಎನ್ನುತ್ತೇನೆ, ಹೋಗುವುದಿಲ್ಲ. ಕನ್ನಡದಲ್ಲಿ ಈ ಸೌಕರ್ಯವನ್ನು ಯಾರು ಮಾಡಿಟ್ಟರೋ ತಿಳಿಯದು. ಕುರ್ಚಿಯಿಂದ ಇನ್ನೂ ಎದ್ದಿರುವುದಿಲ್ಲ, ಚಪ್ಪಲಿ ಕಾಲಿಗೆ ಸಿಕ್ಕಿರುವುದಿಲ್ಲ, ಆದರೂ ಕ್ರಿಯಾಪದ ಭೂತಕಾಲದಲ್ಲಿ ಹೋಗಿ ಬಾಗಿಲ ಬಳಿ ನಿಂತಿರುತ್ತದೆ. ನೆರೆಮನೆಯ ಮರಾಠಿಗರೂ ಹೀಗೆಯೇ ‘ಆಲೋ’ ಎಂದು ಕೂಗಿ ಪತ್ರಿಕೆಯ ಪುಟ ತಿರುವುತ್ತಾರೆ, ಗೋಡೆಯಾಚೆಯಿಂದ ಕೇಳಿಸುತ್ತದೆ. ಎರಡು ಭಾಷೆಗಳ ಬಾಂಧವ್ಯದ ಬಗ್ಗೆ ಬರೆದವರು ಈ ಅಂಶವನ್ನು ಗಮನಿಸಿದಂತಿಲ್ಲ. ಕಮಲಾ ವಿಜಯಪುರದವಳು, ವ್ಯಾಕರಣದಲ್ಲಿ ನನಗಿಂತ ಕಟ್ಟುನಿಟ್ಟು. “ಬಂದೆ ಅಂದ್ರ ಬಂದಿರಬೇಕ್ರಿ. ನಿಮ್ಮ ದನಿ ಬಂತು, ನೀವ್ ಬರ್ಲಿಲ್ಲ. ದನಿಗೇನು ಬುಟ್ಟಿ ಹೊತ್ಕೊಳ್ಳಿಕ್ಕೆ ಬರ್ತದೇನು?” ಎಂದು ಅವಳು ಕೇಳುತ್ತಾಳೆ. ಉತ್ತರವಾಗಿ ನಾನು ಇನ್ನೊಮ್ಮೆ ‘ಬಂದೆ’ ಎನ್ನುತ್ತೇನೆ.

ಸಂಸ್ಥೆಯಲ್ಲಿ ನಾನು ಮಾಡುತ್ತಿದ್ದ ಕೆಲಸವೂ ಕರೆದಾಗ ಹೋಗುವುದಕ್ಕೆ ಸಂಬಂಧಪಟ್ಟದ್ದೇ ಆಗಿತ್ತು ಎಂದರೆ ಓದುಗರು ನಗಬಾರದು. ಕಂಪ್ಯೂಟರಿನ ಒಳಗೆ ಎಲ್ಲಕ್ಕೂ ಅಡಿಯಲ್ಲಿ ಕುಳಿತು ಇಡೀ ಯಂತ್ರದ ಸಂಸಾರವನ್ನು ತೂಗಿಸುವ ಒಂದು ಮೂಲ ಪ್ರೋಗ್ರಾಮು ಇರುತ್ತದೆ. ಅದಕ್ಕೆ ಕರ್ನಲ್ ಎನ್ನುತ್ತಾರೆ. ಪುಣೆಯಂಥ ದಂಡಿನ ಊರಿನಲ್ಲಿ ಈ ಹೆಸರು ತಂದ ತೊಂದರೆ ಒಂದೆರಡಲ್ಲ. ‘ಅಳಿಯಂದಿರು ಕರ್ನಲ್ ಹತ್ತಿರ ಕೆಲಸಕ್ಕಿದ್ದಾರೆ’ ಎಂದು ಕಮಲಾಳ ತಂದೆ ಊರೆಲ್ಲ ಹೇಳಿಕೊಂಡಿದ್ದರಿಂದ, ಎಷ್ಟೋ ವರ್ಷ ಬೀಗರು ನನ್ನಲ್ಲಿ ಮಿಲಿಟರಿ ಕ್ಯಾಂಟೀನಿನ ಸಾಮಾನು ತರಿಸಿಕೊಡಲು ಕೇಳುತ್ತಿದ್ದರು. ಈ ಕರ್ನಲ್ ಹೊರಗಿನವರ ಕೂಗಿಗೂ ಓಗೊಡಬೇಕು. ಕೀಲಿಮಣೆಯ ಮೇಲೆ ಯಾರೋ ಬೆರಳಿಟ್ಟರು, ಡಿಸ್ಕು ಕೇಳಿದ ಮಾಹಿತಿಯನ್ನು ಹೊತ್ತು ತಂದಿತು, ತಂತಿಯಲ್ಲಿ ಏನೋ ಸುದ್ದಿ ಬಂತು: ಪ್ರತಿಯೊಂದೂ ಬಾಗಿಲ ಗಂಟೆ ಬಾರಿಸುತ್ತದೆ. ಇದನ್ನು ಇಂಟರಪ್ಟ್ ಎನ್ನುತ್ತಾರೆ. ಗಂಟೆ ಕೇಳಿದ ಕೂಡಲೇ ಯಂತ್ರವು ಮಾಡುತ್ತಿದ್ದ ಕೆಲಸವನ್ನು ಅಲ್ಲಿಯೇ ಬಿಟ್ಟು, ಎಲ್ಲಿ ಬಿಟ್ಟೆನೆಂದು ಗುರುತು ಹಾಕಿಕೊಂಡು, ಬಾಗಿಲಿಗೆ ಹೋಗಿ ಬಂದವರನ್ನು ವಿಚಾರಿಸಿ, ಮತ್ತೆ ಬಿಟ್ಟ ಅಕ್ಷರದಿಂದಲೇ ಮುಂದುವರಿಯಬೇಕು. ನಾನು ಜೀವಮಾನದಲ್ಲಿ ಒಮ್ಮೆಯೂ ಮಾಡಲಾಗದ್ದನ್ನು ಯಂತ್ರಗಳಿಗೆ ಕಲಿಸಿ ಸಂಬಳ ಪಡೆದೆ.

ತೊಂದರೆ ಏನೆಂದರೆ, ಎಲ್ಲ ಯಂತ್ರಗಳ ಗಂಟೆಯೂ ಒಂದೇ ಬಗೆಯದಲ್ಲ. ಕೆಲವು ಯಂತ್ರಗಳ ಗಂಟೆ ನಮ್ಮ ಕೊರಿಯರ್‌ನವನ ಹಾಗೆ. ಒಂದು ಸಲ ಒತ್ತುತ್ತಾನೆ, ಅಷ್ಟೇ. ಕೂಡಲೇ ಒಳಗಿನಿಂದ ‘ಬಂದೆ’ ಎನ್ನದಿದ್ದರೆ ‘ಬಾಗಿಲು ಮುಚ್ಚಿತ್ತು’ ಎಂದು ಚೀಟಿ ಬರೆದು ಹೋಗಿಬಿಡುತ್ತಾನೆ. ಇಂಥ ಕಡೆ ಮೊದಲು ‘ಬಂದೆ’ ಎನ್ನಬೇಕು, ಆಮೇಲೆ ಹೋಗಬೇಕು. ಇನ್ನು ಕೆಲವು ಯಂತ್ರಗಳ ಗಂಟೆ ಕಮಲಾಳ ತಂಗಿಯ ಹಾಗೆ. ಆಕೆ ಗಂಟೆಯ ಮೇಲೆ ಬೆರಳಿಟ್ಟರೆ ಬಾಗಿಲು ತೆರೆದು, ಕೈಯಲ್ಲಿದ್ದ ಚೀಲವನ್ನು ಇಳಿಸಿಕೊಳ್ಳುವವರೆಗೆ ತೆಗೆಯುವುದಿಲ್ಲ. ಅಲ್ಲಿ ಒಳಗಿನಿಂದ ‘ಬಂದೆ’ ಎಂದರೆ ಏನೂ ಪ್ರಯೋಜನವಿಲ್ಲ. ಬೆರಳು ಅಲ್ಲಿಯೇ ಇದೆ, ಗಂಟೆ ಮತ್ತೆ ಬಾರಿಸುತ್ತದೆ, ನೀವು ಮತ್ತೆ ‘ಬಂದೆ’ ಎನ್ನುತ್ತೀರಿ, ಅದು ಮತ್ತೆ ಬಾರಿಸುತ್ತದೆ. ಮನುಷ್ಯನಾದರೆ ಮೂರನೆಯ ಸಲಕ್ಕೆ ಸಿಟ್ಟಿನಿಂದಲಾದರೂ ಎದ್ದು ಹೋಗುತ್ತಾನೆ. ಯಂತ್ರಕ್ಕೆ ಸಿಟ್ಟಿಲ್ಲ. ಅದು ಒಂದು ಸೆಕೆಂಡಿಗೆ ಸಾವಿರಾರು ಸಲ ‘ಬಂದೆ, ಬಂದೆ’ ಎನ್ನುತ್ತ, ಒಂದು ಹೆಜ್ಜೆಯನ್ನೂ ಇಡದೆ, ಪ್ರಾಣ ಹೋದಂತೆ ಕುಳಿತುಬಿಡುತ್ತದೆ. ಇಂಥ ಯಂತ್ರದಲ್ಲಿ ಮೊದಲು ಹೋಗಿ ಕೆಲಸ ಮುಗಿಸಬೇಕು, ‘ಬಂದೆ’ ಎಂಬ ಮಾತು ಕಟ್ಟಕಡೆಗೆ ಬರಬೇಕು.

ನಮ್ಮ ಸಂಸ್ಥೆಯಲ್ಲಿ ಆಗ ಒಂದೇ ಕರ್ನಲ್ಲನ್ನು ಮೂರು ಬೇರೆ ಬೇರೆ ಯಂತ್ರಗಳ ಮೇಲೆ ಓಡಿಸುವ ಯೋಜನೆ ನಡೆದಿತ್ತು. ಗಂಟೆಯ ವಿಭಾಗವನ್ನು ನೋಡಿಕೊಳ್ಳುತ್ತಿದ್ದವರು ಇಬ್ಬರು, ಇಬ್ಬರೂ ಕನ್ನಡಿಗರು: ಧಾರವಾಡದ ನಾನು, ಮತ್ತು ವಿರೂಪಾಕ್ಷಪ್ಪ. ವಿರೂಪಾಕ್ಷಪ್ಪನವರ ಮೂಲ ಭಾಲ್ಕಿಯ ಕಡೆ. ತಂದೆ ರೈಲ್ವೆಯಲ್ಲಿ ಸಿಗ್ನಲ್ ಕೆಲಸಕ್ಕೆ ಸೇರಿ ದೌಂಡದಲ್ಲಿ ನೆಲೆಸಿದವರು. ನಾನು ಹತ್ತು ಸಾಲಿನಲ್ಲಿ ಬರೆಯುವುದನ್ನು ಅವರು ಮೂರು ಸಾಲಿನಲ್ಲಿ ಬರೆದು, ಉಳಿದ ಏಳು ಸಾಲಿನ ಜಾಗದಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಗಂಟೆಗೆ ಓಗೊಡುವ ಆ ಪುಟ್ಟ ತುಣುಕಿಗೆ ‘ಬಂದೆ’ ಎಂದು ಹೆಸರಿಟ್ಟವರು ಅವರೇ, ಇಂಗ್ಲಿಷ್ ಅಕ್ಷರಗಳಲ್ಲಿ. ಮರಾಠಿ ಸಹೋದ್ಯೋಗಿಗಳು ಅದನ್ನು ‘ಆಳುಗಳು’ ಎಂಬ ಅರ್ಥದ ಹಿಂದಿಯ ಮಾತೆಂದು ತಿಳಿದು, ‘ಈ ಬಂದೆಗಳು ಯಾರು, ಎಷ್ಟು ಮಂದಿ’ ಎಂದು ಕೇಳಿದರು. ಹಿರಿಯ ಅಧಿಕಾರಿಯೊಬ್ಬರು ಅದರಲ್ಲಿ ‘ಬಂದೇ ಮಾತರಂ’ನ ದೇಶಭಕ್ತಿಯನ್ನು ಕಂಡು, ಬದಲಾಯಿಸಕೂಡದೆಂದು ಟಿಪ್ಪಣಿ ಬರೆದರು. ಹೀಗೆ ಹೆಸರು ಉಳಿಯಿತು.

೧೯೯೭ರ ಮಾರ್ಚ್ ಹದಿಮೂರು, ಗುರುವಾರ. ಪರಿಶೀಲನಾ ಸಮಿತಿಯ ಮುಂದೆ ಮೂರನೆಯ ಯಂತ್ರದ ಪ್ರದರ್ಶನ. ಇದು ಬೆರಳು ತೆಗೆಯದ ಗಂಟೆಯ ಯಂತ್ರ. ಸಮಿತಿಯ ಅಧ್ಯಕ್ಷರು ಕೀಲಿಮಣೆಯ ಮೇಲೆ ತಮ್ಮ ಹೆಸರಿನ ಮೊದಲ ಅಕ್ಷರವನ್ನು ಒತ್ತಿದರಂತೆ. ಎರಡನೆಯ ಅಕ್ಷರಕ್ಕೆ ಯಂತ್ರ ನಿಂತಿತು. ಮರಳಿ ಚಾಲೂ ಮಾಡಿದರು, ಮರಳಿ ನಿಂತಿತು. ಸಮಿತಿ ಚಹಾ ಕುಡಿದು ಹೋಯಿತು. ಅಂತೆ ಎನ್ನುತ್ತಿದ್ದೇನೆ, ಏಕೆಂದರೆ ನಾನು ಅಲ್ಲಿರಲಿಲ್ಲ. ಕಮಲಾಳ ತಂಗಿಯ ಮದುವೆಗೆಂದು ಲೋಣಾವಳಾದಲ್ಲಿದ್ದೆ. ಹಿಂದಿರುಗಿ ಬಂದು ನೋಡಿದಾಗ ತಪ್ಪು ಕಣ್ಣಿಗೆ ಹೊಡೆಯುವಂತಿತ್ತು: ಕಟ್ಟಕಡೆಯ ಸಾಲಿನಲ್ಲಿರಬೇಕಾದ ‘ಬಂದೆ’ ಮೊದಲ ಸಾಲಿನಲ್ಲಿ ಕುಳಿತಿತ್ತು. ಹತ್ತನೆಯ ತಾರೀಖಿನವರೆಗೆ ಯಂತ್ರ ಸರಿಯಾಗಿಯೇ ಓಡಿತ್ತು. ಆ ವಿಭಾಗವನ್ನು ಮುಟ್ಟುವವರು ಇಬ್ಬರೇ. ಒಬ್ಬನು ಹನ್ನೊಂದರಿಂದ ಹದಿಮೂರರವರೆಗೆ ಲೋಣಾವಳಾದಲ್ಲಿ. ಉಳಿದವರು ಒಬ್ಬರು. ವಿಚಾರಣೆಯಲ್ಲಿ ನಾನು ಯಾರ ಮೇಲೂ ಬೆರಳು ತೋರಿಸಲಿಲ್ಲ. ಲಗ್ನಪತ್ರಿಕೆಯನ್ನು ಮೇಜಿನ ಮೇಲಿಟ್ಟು ತಾರೀಖುಗಳನ್ನು ಮಾತ್ರ ಓದಿದೆ. ಮುಂದಿನ ತಿಂಗಳು ವಿರೂಪಾಕ್ಷಪ್ಪನವರನ್ನು ಕರ್ನಲ್ ಗುಂಪಿನಿಂದ ತೆಗೆದು ಗ್ರಂಥಾಲಯಕ್ಕೆ ಕಳಿಸಿದರು. ನಿವೃತ್ತರಾಗುವವರೆಗೂ ಅವರು ಅಲ್ಲಿ ಪುಸ್ತಕಗಳ ಬೆನ್ನಿಗೆ ನಂಬರು ಅಂಟಿಸಿದರು. ನಾನು ಗುಂಪಿನ ಮುಖ್ಯಸ್ಥನಾದೆ.

ಈಗ ಸಂಸ್ಥೆಯವರು ಒಂದು ಸ್ಮರಣ ಸಂಪುಟವನ್ನು ತರುತ್ತಿದ್ದಾರೆ. ಸಂಪಾದಕಿ ದೇಶಪಾಂಡೆ ಮೇಡಂ ನನ್ನಿಂದ ನಾಲ್ಕು ಪುಟದ ಇಂಗ್ಲಿಷ್ ಲೇಖನವನ್ನು ಕೇಳಿದರು: ಮೂರು ಯಂತ್ರಗಳು, ಮೂರು ಗಂಟೆಗಳು, ಅವನ್ನು ಪಳಗಿಸಿದ ಕಥೆ. ಬರೆದು ಕಳಿಸಿದೆ. ಅದರಲ್ಲಿ ಪ್ರದರ್ಶನದ ಪ್ರಸಂಗಕ್ಕೆ ಒಂದೇ ವಾಕ್ಯ ಕೊಟ್ಟು, ‘ಸಹೋದ್ಯೋಗಿಯೊಬ್ಬರ ನಿಷ್ಕಾಳಜಿಯಿಂದ’ ಎಂಬ ಅರ್ಥ ಬರುವಂತೆ ಬರೆದು, ಹೆಸರು ಹಾಕದೆ ಔದಾರ್ಯ ತೋರಿಸಿದೆ. ಮೇಡಂ ಯಾವುದೋ ಹಳೆಯ ಭಾವಚಿತ್ರದಲ್ಲಿದ್ದವರನ್ನು ಗುರುತಿಸಲು ವಿರೂಪಾಕ್ಷಪ್ಪನವರಿಗೆ ಫೋನ್ ಮಾಡಿದಾಗ ಆ ವಾಕ್ಯವನ್ನು ಓದಿ ಹೇಳಿಬಿಟ್ಟರು. ಮರುದಿನ ದೌಂಡದಿಂದ ನನಗೆ ಫೋನ್ ಬಂತು. “ರಾಯರ, ಶನಿವಾರ ಮನ್ಯಾಗ ಇರ್ತೀರೇನು? ಒಂದ್ ಮಾತು ಆಡೋದದ. ಫೋನಿನ್ಯಾಗ ಆಡೋ ಮಾತಲ್ಲ.” ಇಪ್ಪತ್ತೆಂಟು ವರ್ಷಗಳಲ್ಲಿ ಅವರು ನನ್ನೊಡನೆ ಆಡುತ್ತೇನೆಂದು ಹೇಳಿದ ಮೊದಲ ಮಾತು ಅದು.

ಅವರು ಬರುವ ಮುನ್ನ ನಾನು ಸಿದ್ಧನಾಗಿರಬೇಕಲ್ಲವೇ? ನೆನಪು ಸಾಕ್ಷಿಯಲ್ಲ, ಬರಹವೇ ಸಾಕ್ಷಿ ಎಂಬುದು ನನ್ನ ವೃತ್ತಿಧರ್ಮ. ಪ್ರೋಗ್ರಾಮಿನಲ್ಲಿ ಒಂದು ಅಕ್ಷರ ಬದಲಾದರೂ ಯಾರು, ಯಾವಾಗ, ಏಕೆ ಎಂದು ಕೈಬರಹದಲ್ಲಿ ನಮೂದಿಸುವ ಬದಲಾವಣೆಯ ರಿಜಿಸ್ಟರು ಒಂದಿತ್ತು. ವಿಚಾರಣೆಯ ಕಾಲಕ್ಕೆ ಅದು ಸಿಕ್ಕಿರಲಿಲ್ಲ. ಕಚೇರಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಸಾಗುತ್ತಿದ್ದ ಸಮಯ, ಯಾವುದೋ ಪೆಟ್ಟಿಗೆಯ ತಳದಲ್ಲಿ ಸೇರಿಹೋಗಿತ್ತು. ಈಗ ಸಂಪುಟದ ಸಲುವಾಗಿ ಉಗ್ರಾಣವನ್ನು ಬಗೆದಾಗ ಹೊರಬಿದ್ದಿದೆ ಎಂದು ಮೇಡಂ ಹೇಳಿದ್ದರು. ಆ ವಾರದ ಪುಟದ ಫೋಟೋ ಕಳಿಸಿರೆಂದು ನಾನೇ ಅವರ ಬೆನ್ನು ಹತ್ತಿದೆ. “ಅಹೋ ಸರ್, ಕಾಯ್ ಘಾಯಿ ಆಹೇ?” ಎಂದರು ಅವರು, ಏನು ಅವಸರ ಎಂದು. ನಾನು ಮೂರು ಸಲ ನೆನಪಿಸಿದೆ. ವಿರೂಪಾಕ್ಷಪ್ಪನವರ ಎದುರಿಗೆ ಪುಟವನ್ನು ಹಿಡಿದು, ಸೌಮ್ಯವಾಗಿ, ಬೆರಳಿಟ್ಟು ತೋರಿಸಿ, ವಿಷಯವನ್ನು ಮುಗಿಸಿಬಿಡಬೇಕೆಂದು ನನ್ನ ಎಣಿಕೆ.

ಜೂನ್ ಹದಿನಾಲ್ಕು, ಶನಿವಾರ, ಅವರು ಬಂದರು. ಪುಣೆಯವರೆಗೆ ಒಂದು ರೈಲು, ಅಲ್ಲಿಂದ ಆಕುರ್ಡಿಗೆ ಲೋಣಾವಳಾ ಲೋಕಲ್ಲು, ಅಲ್ಲಿಂದ ರಿಕ್ಷಾ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕೈಯಲ್ಲಿ ದೌಂಡದ ಗಾಣದ ಬೆಲ್ಲದ ಒಂದು ಪೆಂಟೆ, ಅದಕ್ಕೆ ಸುತ್ತಿದ ಗೋಣಿ, ಗೋಣಿಯ ಮೇಲೆ ಅಭ್ಯಾಸಬಲದಿಂದ ಅಂಟಿಸಿದಂತಿದ್ದ ಒಂದು ಚೀಟಿ: ನನ್ನ ಹೆಸರು, ಮನೆಯ ನಂಬರು. ಕಮಲಾ ಜೋಳದ ರೊಟ್ಟಿ ಬಡಿಯುತ್ತಿದ್ದಳು. “ಬರ್ರಿ ಬರ್ರಿ, ಎಷ್ಟ್ ವರ್ಷಾತ್ರೀ ನಿಮ್ಮನ್ನ ನೋಡಿ! ಭಾಳ ಸೊರಗೀರಿ,” ಎಂದಳು. “ಸೊರಗಿಲ್ರೀ ವೈನಿ, ಪುಸ್ತಕದ ಕಪಾಟಿನ ಸಂದ್ಯಾಗ ತಿರುಗ್ಯಾಡಿ ಹಿಂಗ ಆಗೀನಿ. ಅಲ್ಲೆ ದಪ್ಪಿದ್ದವರಿಗೆ ದಾರಿಲ್ಲ,” ಎಂದರು ಅವರು. ನಾವೆಲ್ಲ ನಕ್ಕೆವು. ನಗುವಾಗ ನಾನು ಅವರ ಮುಖವನ್ನು ನೋಡಲಿಲ್ಲ.

ಊಟಕ್ಕೆ ಕುಳಿತ ಮೇಲೆ ಅವರು ವಿಷಯಕ್ಕೆ ಬಂದರು. “ರಾಯರ, ನಿಮ್ಮ ಲೇಖನಾ ಕೇಳಿದೆ. ಚಲೋ ಬರದೀರಿ. ಅದರಾಗ ನಿಷ್ಕಾಳಜಿ ಅಂತ ಒಂದ್ ಶಬ್ದ ಅದಲ್ರೀ, ಅದೊಂದು ತಗೀರಿ. ಗೈರಸಮಜಾತು ಅಂತ ಬರೀರಿ. ತಪ್ಪು ನಂದ, ಇಲ್ಲ ಅನ್ನೂದಿಲ್ಲ. ಖರೆ, ನಿಷ್ಕಾಳಜಿ ನಾ ಎಂದೂ ಮಾಡಿಲ್ಲ.” ನಾನು ರೊಟ್ಟಿ ಮುರಿಯುತ್ತ, ಒಂದು ಶಬ್ದಕ್ಕಾಗಿ ಇಷ್ಟು ದೂರ ಬರಬೇಕಿತ್ತೇ ಎಂದೆ. “ಆ ಪುಸ್ತಕಾ ಎಲ್ಲಿ ಹೋಗ್ತದ? ಗ್ರಂಥಾಲಯಕ್ಕ. ನಂಬರ್ ಹಚ್ಚಿ ಕಪಾಟಿನಾಗ ಇಡೋರು ಯಾರು? ನನ್ನ ಕೈಯಾಗ ಕಲ್ತವರು. ಅವರು ತಗದು ಓದ್ತಾರ್ರಿ. ಅವರಿಗೆ ನಾ ಇಷ್ಟು ವರ್ಷ ಹೇಳಿದ್ದು ಒಂದ: ಕಾಳಜಿ ತಗೋರಿ, ಕಾಳಜಿ ತಗೋರಿ ಅಂತ,” ಎಂದು ಅವರು ತಟ್ಟೆಯ ಅಂಚಿನಲ್ಲಿ ಶೇಂಗಾ ಹಿಂಡಿ ಚಟ್ನಿಯನ್ನು ಒಂದೇ ಅಳತೆಯ ಎರಡು ಗುಡ್ಡೆ ಮಾಡಿದರು.

ಆ ಗೈರಸಮಜು, ಎಂದರೆ ತಪ್ಪು ತಿಳಿವಳಿಕೆ, ಹೇಗಾಯಿತು ಎಂದು ಕೇಳಿದೆ, ವಿದ್ವಾಂಸನ ಕುತೂಹಲ. ಅವರು ರೊಟ್ಟಿಯ ತುಣುಕನ್ನು ತಟ್ಟೆಗೆ ಇಳಿಸಿದರು. “ಅದ ನನಗೂ ತಿಳೀವಲ್ದು ನೋಡ್ರಿ. ನಮ್ಮಪ್ಪ ಸಿಗ್ನಲ್ ಕ್ಯಾಬಿನ್ನಿಗೆ ಹೋಗಿ, ಗಾಡಿ ದಾಟಿಸಿ, ಮನಿಗೆ ಬಂದು, ಕಾಲು ತೊಳಕೊಂಡು, ನಮ್ಮವ್ವನ ಮುಂದ ನಿಂತು ‘ಬಂದೆ’ ಅಂತಿದ್ದ. ನಮ್ಮ ಮನ್ಯಾಗ ಆ ಮಾತಿಗೆ ಎಲ್ಲಾ ಮುಗೀತು ಅಂತ ಅರ್ಥ. ಅದಕ್ಕ ನಾ ಆ ಹೆಸರಿಟ್ಟೆ, ಕಡೀ ಸಾಲಿನ್ಯಾಗ ಇಟ್ಟೆ. ಇಟ್ಟಿದ್ದು ಕಣ್ಣಿಗೆ ಕಟ್ಟಿಧಂಗ ಅದ. ಅದು ಮ್ಯಾಲಕ್ಕ ಹ್ಯಾಂಗ ಹೋತು ತಿಳೀಲಿಲ್ಲ. ಆದ್ರ ನೀವು ತಾರೀಖು ಓದಿದ್ರಿ. ಮುಂಜಾನಿ, ಸಂಜಿ ಎಲ್ಲಾ ಲೆಕ್ಕ ಹಾಕಿ ಓದಿದ್ರಿ. ಅಷ್ಟು ಪಕ್ಕಾ ತಾರೀಖು ಕೇಳಿದ ಮ್ಯಾಲ, ನಾನ ಮಾಡಿರಬೇಕು, ಮರ್ತಿರಬೇಕು ಅಂತ ಒಪ್ಕೊಂಡೆ.”

ನಾನು ಇದಕ್ಕೆ ಸಮಾಧಾನದ ಒಂದು ಸಣ್ಣ ಉಪನ್ಯಾಸವನ್ನೇ ಕೊಟ್ಟೆ. ಮನುಷ್ಯನ ನೆನಪು ತನಗೆ ಬೇಕಾದ ಕಡೆ ಬೇಕಾದ ಸಾಲನ್ನು ಇಟ್ಟುಕೊಳ್ಳುತ್ತದೆ, ಅದಕ್ಕೆ ನಾಚಬೇಕಾಗಿಲ್ಲ, ನಮ್ಮಂಥವರು ದಾಖಲೆಗೆ ಶರಣಾಗುವುದು ಅದಕ್ಕೇ ಎಂದೆ. ನಾನಾದರೂ ಹನ್ನೊಂದನೆಯ ತಾರೀಖು ಲೋಣಾವಳಾದಲ್ಲಿ ದೇವಕಾರ್ಯಕ್ಕೆ ಕುಳಿತಿದ್ದೆನೆಂಬುದನ್ನು ಲಗ್ನಪತ್ರಿಕೆ ಇರುವುದರಿಂದಲೇ ಹೇಳಬಲ್ಲೆ ಎಂದೆ. ಕಮಲಾ ರೊಟ್ಟಿ ತಂದು ಹಾಕುತ್ತಿದ್ದವಳು ಅಲ್ಲಿಯೇ ನಿಂತಳು. “ಪತ್ರಿಕಾದಾಗ ದೇವಕಾರ್ಯ ಅದ ಖರೆ. ನೀವೆಲ್ಲಿದ್ರಿ? ನಾ ಮುಂಜಾನಿ ಮದವಿ ಮನಿಯಿಂದ ಆಫೀಸಿಗೆ ಫೋನ್ ಮಾಡಿದೆ. ‘ಬಂದೆ’ ಅಂದ್ರಿ. ಮರುದಿನ ಅಕ್ಷತಾ ಹೊತ್ತಿಗೆ ಬಂದ್ರಿ. ನಮ್ಮಪ್ಪ ಎಲ್ಲಾರ ಮುಂದ ‘ಕರ್ನಲ್ ಸಾಹೇಬ್ರು ಬಿಡ್ಲಿಲ್ಲ’ ಅಂತ ಹೇಳಿ ಮರ್ಯಾದಿ ಉಳಿಸಿದ.” ಹೆಂಗಸರ ನೆನಪು ಮದುವೆಯ ವಿಷಯದಲ್ಲಿ ಸ್ವಲ್ಪ ಬಣ್ಣ ಕಟ್ಟುತ್ತದೆ ಎಂಬ ಅರ್ಥದ ಏನನ್ನೋ ನಾನು ಹೇಳಿದೆ. ವಿರೂಪಾಕ್ಷಪ್ಪನವರು ತಲೆ ತಗ್ಗಿಸಿ ಊಟ ಮಾಡುತ್ತಿದ್ದರು. ಅಷ್ಟರಲ್ಲಿ ಫೋನು ಟಿಂಗೆಂದಿತು. ದೇಶಪಾಂಡೆ ಮೇಡಂ ಪುಟವನ್ನು ಕಳಿಸಿದ್ದರು. ಸಮಯ ಮಧ್ಯಾಹ್ನ ಒಂದು ಹದಿನಾರು, ಫೋನೇ ನಮೂದಿಸಿದೆ.

ಎಡಗೈಯಿಂದ ತೆರೆದೆ. ೧೯೯೭ರ ಮಾರ್ಚ್ ಹನ್ನೊಂದು. ತಾರೀಖಿನ ಪಕ್ಕದಲ್ಲಿ, ಅಗತ್ಯವಿಲ್ಲದಿದ್ದರೂ, ‘ಮಂಗಳವಾರ’ ಎಂದು ಸೇರಿಸಿ, ಅದರ ಕೆಳಗೆ ಎರಡು ಸಣ್ಣ ಗೆರೆ ಎಳೆಯಲಾಗಿತ್ತು. ತಾರೀಖು ಬರೆದ ಮೇಲೆ ವಾರವನ್ನು ಬರೆದು, ತಾಳೆ ನೋಡಿದ್ದೇನೆಂಬುದಕ್ಕೆ ಎರಡು ಗೆರೆ ಎಳೆಯುವವನು ಇಡೀ ಸಂಸ್ಥೆಯಲ್ಲಿ ಒಬ್ಬನೇ ಇದ್ದ. ಬದಲಾವಣೆ: ಮೂರನೆಯ ಯಂತ್ರದಲ್ಲಿ ‘ಬಂದೆ’ಯನ್ನು ಕೊನೆಯ ಸಾಲಿನಿಂದ ಮೊದಲ ಸಾಲಿಗೆ ತರಲಾಗಿದೆ. ಕಾರಣ: ಉಳಿದೆರಡು ಯಂತ್ರಗಳೊಡನೆ ಏಕರೂಪತೆ; ಕರೆದ ಕೂಡಲೇ ಆಡುವ ಮಾತು ಕೊನೆಯಲ್ಲಿರುವುದು ಅಸಂಗತ. ಸಹಿ ನನ್ನದು. ಧಾರವಾಡದ ನಮ್ಮ ಮನೆಯಲ್ಲಿ ‘ಬಂದೆ’ ಎಂಬುದು ಏಳುವ ಮೊದಲು ಆಡುವ ಮಾತು. ದೌಂಡದ ಅವರ ಮನೆಯಲ್ಲಿ ಮುಗಿಸಿ ಬಂದ ಮೇಲೆ ಆಡುವ ಮಾತು. ಆ ಸಾಲು ತಪ್ಪಾದ ಜಾಗದಲ್ಲಿದೆಯೆಂದು ನಾನು ಎರಡು ನಿಮಿಷದಲ್ಲಿ ತಿದ್ದಿ, ಕೈಬರಹದಲ್ಲಿ ನಮೂದಿಸಿ, ಎರಡು ಗೆರೆ ಎಳೆದು, ಮರುದಿನ ಅಕ್ಷತೆಗೆ ಹೋಗಿದ್ದೆ. ಬೇರೆಯವರ ಹುಟ್ಟಿದ ದಿನಗಳನ್ನೂ ಅಂಚೆಯ ಮುದ್ರೆಗಳನ್ನೂ ತಾಳೆ ನೋಡುತ್ತ ಇಪ್ಪತ್ತೆಂಟು ವರ್ಷ ಕಳೆದವನು ಆ ಒಂದು ವಾರವನ್ನು ಮಾತ್ರ ನೆನಪಿನಿಂದ ಬರೆದಿದ್ದೆ.

ಮುಂದೆ ನಡೆದದ್ದನ್ನು ಇದ್ದಂತೆ ಬರೆಯುತ್ತೇನೆ. ನಾನು ಫೋನನ್ನು ವಿರೂಪಾಕ್ಷಪ್ಪನವರ ಕಡೆಗೆ ಸರಿಸಿದೆ. ಅವರು ಕೈ ತೊಳೆದು, ಒರೆಸಿಕೊಂಡು, ಕನ್ನಡಕ ಹಾಕಿಕೊಂಡು ಓದಿದರು. ಅಕ್ಷರವನ್ನು ದೊಡ್ಡದು ಮಾಡಿ ಮತ್ತೊಮ್ಮೆ ಓದಿದರು. “ಅಕ್ಷರ ನಿಮ್ದ ಅದಲ್ರೀ,” ಎಂದರು. ಆಮೇಲೆ ನಿಧಾನವಾಗಿ ನಕ್ಕರು. “ಹೋಗ್ಲಿ ಬಿಡ್ರಿ ರಾಯರ. ನೀವು ಧಾರವಾಡದವರು, ನಾ ಭಾಲ್ಕಿಯಾವ. ನಡುವ ಒಂದ ಶಬ್ದ ಸಿಕ್ಕೊಂಡು ಸತ್ತಿತು,” ಎಂದರು. ನಾವು ಸೋಫಾದ ಮೇಲೆ ಕುಳಿತೆವು. ಕಮಲಾ ಚಹಾ ತಂದಳು. ಗ್ರಂಥಾಲಯದ ವರ್ಷಗಳು ಕೆಟ್ಟವೇನಲ್ಲ, ಓದಿಗೆ ಪುರುಸೊತ್ತು ಸಿಕ್ಕಿತು ಎಂದು ಅವರು ಹೇಳಿದರು. ವಾಕ್ಯವನ್ನು ಬದಲಾಯಿಸಿ ನನ್ನ ಹೆಸರಿನಲ್ಲಿಯೇ ಬರೆಯುತ್ತೇನೆಂದು ನಾನು ಹೇಳಿದೆ. ಒಂದು ತಾಸಾದರೂ ಹೀಗೆ ಮಾತಾಡಿರಬೇಕು. ನಾಲ್ಕರ ಲೋಕಲ್ಲಿಗೆ ಅವರು ಹೊರಟಾಗ ನನ್ನ ಹೆಗಲ ಮೇಲೆ ಕೈಯಿಟ್ಟಿದ್ದರು.

ವಾಕ್ಯವನ್ನು ಬದಲಾಯಿಸಿ ಕಳಿಸಿದ್ದೇನೆ. ಸ್ವೀಕರಿಸಿದೆನೆಂದು ಮೇಡಂ ಬರೆದ ಉತ್ತರ ಸೋಮವಾರದ್ದು, ಜೂನ್ ಹದಿನಾರು. ದೌಂಡಕ್ಕೆ ಮಾಡಿದ ಫೋನುಗಳನ್ನು ಮಾತ್ರ ಈವರೆಗೆ ಯಾರೂ ಎತ್ತಿಲ್ಲ. ಇಂದು ಈ ಪ್ರಬಂಧಕ್ಕೆ ಕುಳಿತಾಗ, ಅವರು ಹೊರಟ ಹೊತ್ತನ್ನು ‘ಸುಮಾರು ನಾಲ್ಕು’ ಎಂದು ಬರೆಯಲು ಕೈ ಬರಲಿಲ್ಲ. ನಮ್ಮ ಸೊಸಾಯಿಟಿಯ ಗೇಟಿನಲ್ಲಿ ಬಂದುಹೋಗುವವರ ಹೆಸರು ಬರೆದಿಡುವ ಪುಸ್ತಕವಿದೆ, ಕೆಳಗಿಳಿದು ಹೋದೆ. ಕಾವಲಿನ ಶಿವಶರಣಪ್ಪ ಆಳಂದದ ಕಡೆಯವನು, ಇಲ್ಲಿ ಕಟ್ಟಡ ಕೆಲಸಕ್ಕೆ ಬಂದು ವಯಸ್ಸಾದ ಮೇಲೆ ಗೇಟಿಗೆ ಕುಳಿತವನು. ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಿದ. “ದೌಂಡದ ಅಜ್ಜಾರಲ್ರೀ? ಇಲ್ಲದ ನೋಡ್ರಿ. ಬಂದದ್ದು ಹನ್ನೊಂದೂವರಿ. ಹೋದದ್ದು ಒಂದು ಇಪ್ಪತ್ನಾಕು. ರಿಕ್ಷಾ ಕರೀಲೇನ್ರಿ ಅಂತ ಕೇಳ್ದೆ. ಹಂಗ ನಡಕೋತ ಹೋದ್ರು.” ಸಹಿ ಅವರದೇ, ಕನ್ನಡದಲ್ಲಿ, ಪುಸ್ತಕದ ಬೆನ್ನಿಗೆ ಬರೆಯುವಂಥ ನೇರ ಅಕ್ಷರ.

ಒಂದು ಹದಿನಾರಕ್ಕೆ ಪುಟ ಬಂದಿತ್ತು, ಒಂದು ಇಪ್ಪತ್ತನಾಲ್ಕಕ್ಕೆ ಅವರು ಗೇಟು ದಾಟಿದ್ದರು. ನಾಲ್ಕನೆಯ ಅಂತಸ್ತಿನಿಂದ ಗೇಟಿಗೆ ಲಿಫ್ಟಿನಲ್ಲಿಯೇ ನನ್ನ ಅಳತೆಗೆ ಐದು ನಿಮಿಷ; ಇಂದು ಎರಡು ಸಲ ಇಳಿದು ನೋಡಿದ್ದೇನೆ. ಮೇಲೆ ಬಂದು ಕಮಲಾಳನ್ನು ಕೇಳಿದೆ, ಆ ದಿನ ಚಹಾ ಮಾಡಿದ್ದೆಯಲ್ಲ ಎಂದು. ಅವಳು ಗುಳಂಬದ ಕೊಪ್ಪರಿಗೆಯಿಂದ ಕಣ್ಣೆತ್ತಲಿಲ್ಲ. “ಮಾಡಿದ್ದೆ. ಎರಡೂ ಕಪ್ಪು ನೀವ ಕುಡದ್ರಿ,” ಎಂದಳು. ಆದ್ದರಿಂದ ಓದುಗರು ದಯವಿಟ್ಟು ಗಮನಿಸಬೇಕು: ಅವರು ನಕ್ಕಿದ್ದು, ‘ಹೋಗ್ಲಿ ಬಿಡ್ರಿ’ ಎಂದದ್ದು, ಹೆಗಲ ಮೇಲೆ ಕೈಯಿಟ್ಟದ್ದು, ಇವಕ್ಕೆ ನನ್ನ ನೆನಪಿನ ಹೊರತು ಬೇರೆ ಆಧಾರವಿಲ್ಲ. ಗೇಟಿನ ಪುಸ್ತಕದ ಪ್ರಕಾರ ಆ ಹೊತ್ತಿಗೆ ಅವರು ರಸ್ತೆಯ ಮೇಲಿದ್ದರು.